ಕಿಲೊ ಹಡಗಿನ ದನಿ

ವಳಕಮದಿನ್ನಿಯ ತಾಯಮ್ಮ ನೌಕಾಪಡೆಗೆ ಆಯ್ಕೆಯಾದ ಸುದ್ದಿ ಹೇಳಲು ತನ್ನ ಅಪ್ಪನ ಜೊತೆ ಮಸ್ಕಿಯ ನಮ್ಮ ಮನೆಗೆ ಬಂದಿದ್ದಳು. ಅಪ್ಪ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಮನುಷ್ಯ, ಮಾತು ಕಡಿಮೆ. ಮಗಳು ಹಾಗಲ್ಲ. ಚಹಾದ ಕಪ್ಪು ಕೆಳಗಿಡುವ ಮೊದಲೇ ಕೇಳಿದಳು.

"ಕಾಕಾ, ಹಡಗದಾಗ ಕೆಲಸ ಖರೇನ ಹೆಂಗಿರ್ತದ ರೀ? ಮೊಬೈಲ್‌ನಾಗ ತೋರ್ಸೋದು ಬ್ಯಾಡ. ನೀವು ಮಾಡಿದ್ದು ಹೇಳ್ರಿ."

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸಿಂಧನೂರಿನ ಬಸ್ಸು ತಪ್ಪುತ್ತದೆ ಎಂದು ಅವಳಪ್ಪ ಎದ್ದುಬಿಟ್ಟ. ಬರೆದು ಕೊಡುತ್ತೇನೆ ಎಂದು ಮಾತು ಕೊಟ್ಟೆ. ನನ್ನ ಹೆಂಡತಿ ಫಾತಿಮಾ ಅಡುಗೆಮನೆಯಿಂದಲೇ ಹೇಳಿದಳು: "ಬರೀರಿ, ಬರೀರಿ. ಅಷ್ಟು ವರ್ಷ ಆ ಹಡಗ ನನ್ನ ಸವತಿ ಆಗಿತ್ತು. ಈಗ ಅಕಿ ಕಥಿನೂ ನಾನ ಕೇಳಬೇಕು."

ತಾಯಮ್ಮ, ಮೊದಲು ಒಂದು ಮಾತು. ಹಡಗಿನ ಕೆಲಸವೆಂದರೆ ಎದೆಯುಬ್ಬಿಸಿ ಗಾಳಿಗೆ ಮುಖವೊಡ್ಡಿ ನಿಲ್ಲುವುದು ಅಂತ ನಿನ್ನ ತಲೆಯಲ್ಲಿದ್ದರೆ ಅದನ್ನು ತೆಗೆದುಹಾಕು. ನಾನು ಅರ್ಧ ಆಯುಷ್ಯ ಸಮುದ್ರದ ಮೇಲೆ ಕಳೆದೆ, ಆದರೆ ಸಮುದ್ರವನ್ನು ನೋಡಿದ್ದು ಕಡಿಮೆ. ನನ್ನ ಜಾಗ ಹಡಗಿನ ಹೊಟ್ಟೆಯೊಳಗಿನ ಆಪರೇಷನ್ಸ್ ರೂಮ್. ಕಿಟಕಿ ಇಲ್ಲ, ಮಬ್ಬು ಬೆಳಕು, ಮೈ ನಡುಗಿಸುವ ತಂಪು. ಯಂತ್ರಗಳಿಗೆ ಸೆಕೆಯಾಗಬಾರದು, ಮನುಷ್ಯರಿಗೆ ಚಳಿಯಾದರೆ ಅಡ್ಡಿಯಿಲ್ಲ ಎಂಬುದು ಅಲ್ಲಿನ ನ್ಯಾಯ. ಮಸ್ಕಿಯ ಬಿಸಿಲಲ್ಲಿ ಬೆಳೆದ ನಾನು ಮೇ ತಿಂಗಳಲ್ಲಿ ಸ್ವೆಟರ್ ಹಾಕಿಕೊಂಡು ದುಡಿಯುತ್ತೇನೆ ಎಂದರೆ ಬಜಾರಿನಲ್ಲಿ ಒಬ್ಬರೂ ನಂಬುತ್ತಿರಲಿಲ್ಲ.

ಆ ಕೋಣೆಯ ಕೆಲಸ ಒಂದೇ: ಹಡಗಿನ ಮೇಲೆ ಬರುವ ವಿಮಾನವನ್ನು, ಕ್ಷಿಪಣಿಯನ್ನು ಮೊದಲು ಕಾಣುವುದು. ಹಡಗನ್ನು ಹೊಡೆಯಲು ಬರುವ ಕ್ಷಿಪಣಿ ಮೇಲಿಂದ ಬೀಳುವುದಿಲ್ಲ. ಅಲೆಗಳ ನೆತ್ತಿ ಸವರಿಕೊಂಡು ಬರುತ್ತದೆ. ಭೂಮಿ ಗುಂಡಗಿದೆ, ಆದ್ದರಿಂದ ಅದು ದಿಗಂತ ದಾಟಿ ತಲೆ ಎತ್ತುವತನಕ ನಮ್ಮ ರೇಡಾರಿಗೆ ಕಾಣುವುದಿಲ್ಲ. ಕಂಡ ಮೇಲೆ ನಮ್ಮ ಪಾಲಿಗೆ ಉಳಿಯುವುದು ಒಂದು ನಿಮಿಷ, ದೇವರು ದೊಡ್ಡವನಾದರೆ ಇನ್ನೊಂದಿಷ್ಟು. ಅಷ್ಟರೊಳಗೆ ಅದು ನಮ್ಮದೋ ಪರರದೋ ತೀರ್ಮಾನಿಸಬೇಕು. ಪರರದಾದರೆ ಕ್ಷಿಪಣಿಯಿಂದ ಹೊಡೆಯುವುದೋ, ತೋಪಿನಿಂದ ಹೊಡೆಯುವುದೋ, ತಗಡಿನ ಚೂರುಗಳ ಮೋಡ ಹಾರಿಸಿ ದಾರಿ ತಪ್ಪಿಸುವುದೋ ಆರಿಸಬೇಕು. ಒಬ್ಬನ ಕಣ್ಣು, ಇನ್ನೊಬ್ಬನ ಬಾಯಿ, ಮತ್ತೊಬ್ಬನ ಕೈ, ಮೇಲೊಬ್ಬ ಅಧಿಕಾರಿಯ ತಲೆ, ಇವೆಲ್ಲ ಒಂದೇ ಮೈಯ ಅಂಗಗಳಾಗಬೇಕು.

ನನಗೆ ಇದು ಬೇಗ ಅರ್ಥವಾಯಿತು. ನಮ್ಮಪ್ಪ ಬಜಾರಿನಲ್ಲಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ನಾನು ತಿದಿ ಒತ್ತಬೇಕು, ಅಣ್ಣ ನವಸಾಗರ ಉದುರಿಸಬೇಕು, ಅಪ್ಪ ತವರ ಸವರಬೇಕು. ಮೂವರಲ್ಲಿ ಒಬ್ಬ ತಡಮಾಡಿದರೂ ಪಾತ್ರೆ ಕಪ್ಪಾಗುತ್ತಿತ್ತು, ಅಪ್ಪನ ಇಕ್ಕಳ ಯಾರದಾದರೂ ಬೆನ್ನಿಗೆ ಬೀಳುತ್ತಿತ್ತು.

ನಾನು ಸೇರಿದಾಗ ಕೋಣೆಯ ನಡುವೆ ಆಳೆತ್ತರದ ಒಂದು ಪಾರದರ್ಶಕ ಹಲಗೆ ಇತ್ತು. ನಾವೆಲ್ಲ ಅದನ್ನು ಗಾಜು ಅಂತಲೇ ಕರೆಯುತ್ತಿದ್ದೆವು. ಅದರ ಮೇಲೆ ವೃತ್ತಗಳು, ದಿಕ್ಕಿನ ಗೆರೆಗಳು. ಕ್ಯಾಪ್ಟನ್ ಮುಂದೆ ಕೂರುತ್ತಿದ್ದರು, ಬರೆಯುವ ನಾನು ಹಿಂದೆ. ಮುಂದೆ ನಿಂತು ಬರೆದರೆ ನನ್ನ ಬೆನ್ನೇ ಅವರಿಗೆ ಅಡ್ಡವಾಗುತ್ತದಲ್ಲ. ಆದ್ದರಿಂದ ಹಿಂದೆ ನಿಂತು, ಮುಂದಿನವರಿಗೆ ನೇರ ಕಾಣುವಂತೆ, ನಾನು ಉಲ್ಟಾ ಬರೆಯಬೇಕು. ಎರಡು, ಮೂರು, ಐದು, ಏಳು, ಎಲ್ಲವೂ ಕನ್ನಡಿಯೊಳಗಿನ ಅಂಕಿಗಳು. ಕಿವಿಯ ಹೆಡ್‌ಫೋನಿನಲ್ಲಿ ಅಂಕಿ ಬೀಳುತ್ತಿದ್ದಂತೆ ಕೈಯ ಮೇಣದ ಪೆನ್ಸಿಲ್ ಓಡಬೇಕು. ಗುರುತುಗಳು ಮಾತ್ರ ಸುಲಭ. ಶತ್ರುವಿಗೆ ಜೋಪಡಿಯ ಸೂರಿನಂತೆ ಚೂಪಾದ ಗುರುತು, ನಮ್ಮವರಿಗೆ ಕಮಾನಿನಂಥ ಅರ್ಧವೃತ್ತ. ಅವೆರಡೂ ಯಾವ ಕಡೆಯಿಂದ ನೋಡಿದರೂ ಒಂದೇ.

ಕಲಿಸಿದವರು ಕೇರಳದ ಒಬ್ಬ ಚೀಫ್, ಅಂದರೆ ನಮ್ಮ ಮೇಲಿನ ಹಿರಿಯ ನಾವಿಕ. ಕರಿ ಮೀಸೆ, ಬಿಳಿ ತಲೆ. ಒಮ್ಮೆ ನಾನು ನಿದ್ದೆಗಣ್ಣಲ್ಲಿ ಇಡೀ ಸಾಲನ್ನು ನೇರವಾಗಿ ಬರೆದುಬಿಟ್ಟೆ. ಹಿಂದೆ ನಿಂತ ನನಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು, ಮುಂದೆ ಕೂತವರು ಕತ್ತು ತಿರುಚಿಕೊಂಡು ಓದಬೇಕಾಯಿತು. ಚೀಫ್ ಬೈಯಲಿಲ್ಲ. ಒಂದು ವಾರ ಆ ಹಲಗೆಯ ಎರಡೂ ಬದಿ ಒರೆಸಲು ಹಚ್ಚಿದರು. ನೀನು ನಿನಗಾಗಿ ಬರೆಯುತ್ತಿಲ್ಲ, ಆಚೆ ಬದಿಯವನಿಗಾಗಿ ಬರೆಯುತ್ತಿದ್ದೀಯ, ಇಷ್ಟೇ ಈ ವಿದ್ಯೆ ಎಂದರು.

ಆ ವಾರದ ನಂತರ ರಜೆಯಲ್ಲಿ ಊರಿಗೆ ಬರುವಾಗ ಲಿಂಗಸುಗೂರಿನಿಂದ ಮಸ್ಕಿಗೆ ಬಸ್ಸು ಹತ್ತಿದೆ. ಕಿಟಕಿಯ ಗಾಜಿಗೆ ಒಳಗಡೆಯೂ ದಪ್ಪ ಧೂಳು. ಸುಮ್ಮನೆ ಕೂರಲಾಗದೆ ಬೆರಳಿನಿಂದ ಉಲ್ಟಾ ಅಂಕಿ ಬರೆಯುತ್ತ ಬಂದೆ. ಕಂಡಕ್ಟರ್ ನೋಡಿಯೇ ನೋಡಿದ.

"ಏನಪಾ, ಫೌಜಿ ಬ್ಯಾಗ್ ಹಿಡದೀದಿ, ಒಂದು ಎರಡು ನೆಟ್ಟಗ ಬರಿಯಾಕ ಬರಂಗಿಲ್ಲೇನು ನಿನಗ?"

ಮಸ್ಕಿ ನಿಲ್ದಾಣದಲ್ಲಿ ಅವನೇ ಕೆಳಗಿಳಿದು ಹೊರಗಿನಿಂದ ಆ ಗಾಜನ್ನು ನೋಡಿ ಬಾಯಿ ತೆರೆದು ನಿಂತ. ನನ್ನ ವಿದ್ಯೆಗೆ ಊರಲ್ಲಿ ಸಿಕ್ಕ ಮೊದಲ ಮರ್ಯಾದೆ ಅದು.

ಇನ್ನು ಕಿಲೊನ ಸಂಗತಿ. ಹಡಗುಗಳು ಒಂಟಿಯಾಗಿ ಹೋಗುವುದು ಕಡಿಮೆ, ಜೋಡಿಯಾಗಿ, ಗುಂಪಾಗಿ ಹೋಗುತ್ತವೆ. ನಮಗೆ ಕಾಣದ್ದು ಜೊತೆ ಹಡಗಿಗೆ ಕಂಡಿರುತ್ತದೆ. ಆಗ ಅವರ ಆಪರೇಟರ್ ರೇಡಿಯೋದಲ್ಲಿ ಅಂಕಿ ಒದರುತ್ತಾನೆ, ನಾನು ಬರೆದುಕೊಳ್ಳುತ್ತೇನೆ. ನನಗೆ ಕಂಡದ್ದನ್ನು ನಾನು ಅವನಿಗೆ ಹೇಳುತ್ತೇನೆ. ಹೆಸರು ಹೇಳುವಂತಿಲ್ಲ, ಕುಶಲ ಕೇಳುವಂತಿಲ್ಲ. ನಮ್ಮ ಹಡಗಿನ ಸಂಕೇತ ಲಿಮಾ, ಅವರದು ಕಿಲೊ. ಹಾಗೆ ಎರಡು ವರ್ಷ, ದಿನಕ್ಕೆ ಆರೆಂಟು ತಾಸು, ನಾನು ಒಂದು ದನಿಯ ಜೊತೆ ಬದುಕಿದೆ. ಮುಖ ನೋಡಿಲ್ಲ; ನನ್ನ ಪಾಲಿಗೆ ಅವನ ಹೆಸರೂ ಕಿಲೊ. ಅವನು ಅಂಕಿಯ ತುದಿಯನ್ನು ಕೊಂಚ ಎಳೆಯುತ್ತಿದ್ದ, ಸಂತೆಯಲ್ಲಿ ಸೇರು ಅಳೆಯುವವರು ಎಣಿಕೆ ಎಳೆಯುತ್ತಾರಲ್ಲ, ಹಾಗೆ. ಅವನಿಗೆ ನೆಗಡಿಯಾದರೆ ನನಗೆ ತಿಳಿಯುತ್ತಿತ್ತು. ಅವನ ಬದಲು ಬೇರೆಯವನು ಕೂತ ದಿನ ನನಗೆ ಊಟ ಸೇರುತ್ತಿರಲಿಲ್ಲ. ಫಾತಿಮಾಳಿಗೆ ಇದನ್ನು ಹೇಳಿದ್ದಕ್ಕೇ ಅವಳು ಸವತಿ ಅನ್ನುವುದು.

ಒಂದು ಅಭ್ಯಾಸದ ದಿನ ವಿಮಾನಗಳ ಹಿಂಡು ನುಗ್ಗಿ ಬಂತು. ನನ್ನ ಲೆಕ್ಕ ತಪ್ಪಿತು. ಮಾತಾಡುವ ಗುಂಡಿಯ ಮೇಲೆ ಬೆರಳಿದೆ ಎಂಬುದನ್ನು ಮರೆತು ಗೊಣಗತೊಡಗಿದೆ.

"ಒಂದ, ಎರಡ, ಮೂರ, ನಾಕ... ಇವ್ನೌನ, ಐದನೇದು ಎಲ್ಲಿ ಹೋತು?"

ಆ ಗೊಣಗಾಟ ಇಡೀ ಗುಂಪಿನ ಹಡಗುಗಳಿಗೆ ಕೇಳಿಸಿತು. ಆಮೇಲೆ ಕಿಲೊ, ಶಿಸ್ತಿನ ಇಂಗ್ಲಿಷಿನಲ್ಲಿ, ಐದನೆಯ ವಿಮಾನದ ದಿಕ್ಕು ದೂರ ಹೇಳಿದ. ಕೊನೆಗೆ ತನ್ನ ಗುಂಡಿಯನ್ನು ಎರಡು ಸಲ ಒತ್ತಿ ಬಿಟ್ಟ. ಟಿಕ್ ಟಿಕ್. ರೇಡಿಯೋ ಮಂದಿಯಲ್ಲಿ ಇದು ಪುಸ್ತಕದಲ್ಲಿಲ್ಲದ ಸಂಜ್ಞೆ: ಕೇಳಿಸಿತು, ತಿಳಿಯಿತು, ಚಿಂತೆ ಬೇಡ. ಅಂದಿನಿಂದ ಪ್ರತಿ ಪಾಳಿಯ ಕೊನೆಗೆ ಅವನು ಹಾಗೆ ಎರಡು ಸಲ ಒತ್ತುತ್ತಿದ್ದ, ನಾನೂ ಒತ್ತುತ್ತಿದ್ದೆ. ನನ್ನ ಮೇಲೇ ಯಾಕೆ ಈ ಅಕ್ಕರೆ ಎಂದು ಆಗ ಹೊಳೆಯಲಿಲ್ಲ.

ಕೆಲ ಕಾಲಕ್ಕೆ ಹಡಗು ರಿಪೇರಿಗೆ ನಿಂತಿತು. ತಿರುಗಿ ಬಂದಾಗ ಕೋಣೆಯ ಗುರುತೇ ಸಿಗಲಿಲ್ಲ. ಗಾಜು ಹೋಗಿತ್ತು, ಅದು ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ತೂತು ಉಳಿದಿದ್ದವು. ಸುತ್ತ ಬಣ್ಣದ ಪರದೆಗಳು. ರೇಡಾರು, ತೋಪು, ಕ್ಷಿಪಣಿ, ಎದುರಾಳಿಯ ಕಣ್ಣು ಕಟ್ಟುವ ಯಂತ್ರ, ಎಲ್ಲವನ್ನೂ ಒಂದೇ ಕಂಪ್ಯೂಟರಿಗೆ ಹೊಲಿದಿದ್ದರು. ಬರುವ ವಸ್ತುವಿನಲ್ಲಿ ಯಾವುದು ಮೊದಲು ಅಪಾಯ, ಅದಕ್ಕೆ ಯಾವ ಆಯುಧ ಎಂದು ಅದೇ ಲೆಕ್ಕ ಹಾಕುತ್ತಿತ್ತು. ಜೊತೆ ಹಡಗಿನ ಕಂಪ್ಯೂಟರಿನೊಂದಿಗೆ ತಾನೇ ಮಾತಾಡಿಕೊಳ್ಳುತ್ತಿತ್ತು. ನನ್ನ ಪರದೆಯಲ್ಲಿ ಇಟ್ಟ ಗುರುತು ಕಣ್ಣು ಮಿಟುಕಿಸುವಷ್ಟರಲ್ಲಿ ಕಿಲೊನ ಪರದೆಯಲ್ಲೂ ಮೂಡುತ್ತಿತ್ತು.

ಇದು ಒಳ್ಳೆಯದಲ್ಲ ಎನ್ನಲು ನನಗೆ ಬಾಯಿಲ್ಲ. ನಾವು ನಾಲ್ಕು ಜನ ಉಸಿರುಗಟ್ಟಿ ಮಾಡುತ್ತಿದ್ದುದನ್ನು ಅದು ಕ್ಷಣದಲ್ಲಿ ಮಾಡುತ್ತಿತ್ತು, ತಪ್ಪು ಮಾಡುತ್ತಿರಲಿಲ್ಲ. ಹಳೆಯದೇ ಚಂದ ಎನ್ನುವ ಮುದುಕರ ಸಾಲಿಗೆ ನಾನು ಸೇರುವುದಿಲ್ಲ. ಆದರೂ ಹೇಳುತ್ತೇನೆ, ಆ ಕೋಣೆಯ ಗದ್ದಲ ಸತ್ತುಹೋದದ್ದಕ್ಕೆ ನನಗೆ ಅಳು ಬಂತು. ಒಬ್ಬರ ಮಾತು ಇನ್ನೊಬ್ಬರ ಕೈಯಾಗುತ್ತಿದ್ದ ಆ ಹೊತ್ತು ಮತ್ತೆ ಬರಲಿಲ್ಲ. ಚೀಫ್ ಅದೇ ವರ್ಷ ನಿವೃತ್ತರಾದರು. ಹೋಗುವಾಗ ಜೇಬಿನಲ್ಲಿ ಒಂದು ಮೋಟು ಮೇಣದ ಪೆನ್ಸಿಲ್ ಇಟ್ಟುಕೊಂಡು ಹೋದರು, ನಾನು ನೋಡಿದೆ. ಕಿಲೊನ ದನಿ ವಾರಕ್ಕೊಮ್ಮೆ ರೇಡಿಯೋ ಪರೀಕ್ಷೆಗೆ ಮಾತ್ರ ಉಳಿಯಿತು. ಎರಡು ಮಾತು, ಕೊನೆಗೆ ಆ ಟಿಕ್ ಟಿಕ್.

ಇನ್ನು ಮುಂದಿನದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಪೆನ್ನು ಮುಚ್ಚಿಟ್ಟಿದ್ದೆ. ಆದರೆ ಕೆಲಸ ಖರೇನ ಹೆಂಗಿತ್ತು ಅಂತ ನೀನು ಕೇಳಿದ್ದೀಯ, ತಾಯಮ್ಮ.

ಒಂದು ಬೆಳಿಗ್ಗೆ ತೋಪಿನ ಅಭ್ಯಾಸ. ಪೈಲಟ್ ಇಲ್ಲದ ಒಂದು ಪುಟ್ಟ ಗುರಿ ವಿಮಾನ ಪಡುವಣ ದಿಕ್ಕಿನಿಂದ ತಗ್ಗಿನಲ್ಲಿ ಬರುತ್ತದೆ, ನಮ್ಮ ತೋಪು ಅದನ್ನು ಹೊಡೆಯಬೇಕು. ತೋಪನ್ನು ಕಂಪ್ಯೂಟರಿಗೆ ಒಪ್ಪಿಸಿ ಆಗಿತ್ತು. ಕಂಡ ವಸ್ತುವಿಗೆ ಗುರುತು ಇಡುವುದು ನನ್ನ ಕೆಲಸ. ನಾನು ಶತ್ರು ಎಂದರೆ ಯಂತ್ರಕ್ಕೆ ಶತ್ರು, ನಮ್ಮವರು ಎಂದರೆ ನಮ್ಮವರು. ಅಷ್ಟು ಬುದ್ಧಿವಂತ ಯಂತ್ರ ಅಷ್ಟನ್ನು ಮಾತ್ರ ಮನುಷ್ಯನ ಬೆರಳಿಗೆ ಬಿಟ್ಟಿತ್ತು.

ಪಡುವಣದಲ್ಲಿ ಒಂದು ಚುಕ್ಕೆ ಮೂಡಿತು. ತಗ್ಗಿನಲ್ಲಿತ್ತು, ಚಿಕ್ಕದಿತ್ತು, ಹೇಳಿದ ದಿಕ್ಕಿನಲ್ಲೇ ಇತ್ತು. ಯಂತ್ರ ಅದಕ್ಕೆ ನಲವತ್ತೇಳು ಎಂದು ನಂಬರು ಕೊಟ್ಟಿತು. ನಾನು ಕಾಯುತ್ತಿದ್ದದ್ದು ಬಂತು ಎಂದುಕೊಂಡು ಶತ್ರು ಗುರುತು ಒತ್ತಿದೆ. ಮನುಷ್ಯ ಯಾವುದಕ್ಕೆ ಕಾದಿರುತ್ತಾನೋ ಅದೇ ಅವನ ಕಣ್ಣಿಗೆ ಬೀಳುವುದು. ಮೇಲೆ ತೋಪು ಗರ್ರನೆ ತಿರುಗಿದ ಸದ್ದು ಛಾವಣಿಯ ಮೂಲಕ ಕೇಳಿಸಿತು.

ಅದು ಗುರಿಯಲ್ಲ. ಎಂಜಿನ್ ಕೆಟ್ಟು, ಹೇಳಿದ ಹೊತ್ತಿಗಿಂತ ಮೊದಲೇ, ನೀರಿಗೆ ತಾಗುವಂತೆ ಮರಳುತ್ತಿದ್ದ ನಮ್ಮದೇ ಹೆಲಿಕಾಪ್ಟರ್. ತಾನು ನಮ್ಮವರದು ಎಂದು ಸಾರುವ ಅದರ ಯಂತ್ರವೂ ಕೆಟ್ಟಿತ್ತು. ಒಳಗೆ ಮೂವರಿದ್ದರು. ನಮಗೆ ಗೊತ್ತಿಲ್ಲ. ಇನ್ನೊಂದು ಬದಿಯಲ್ಲಿದ್ದ ಕಿಲೊಗೆ ಹೆಲಿಕಾಪ್ಟರೂ ಕಾಣುತ್ತಿತ್ತು, ಗುರಿಯೂ ಬೇರೆಯಾಗಿ ಕಾಣುತ್ತಿತ್ತು. ತಾನು ಅದಕ್ಕೆ ಅರ್ಧವೃತ್ತ ಇಡುವ ಮೊದಲೇ ತನ್ನ ಪರದೆಯಲ್ಲಿ ಹೆಲಿಕಾಪ್ಟರಿನ ಮೇಲೆ ನನ್ನ ಚೂಪು ಗುರುತು ಮೂಡಿದ್ದು ಅವನ ಕಣ್ಣಿಗೆ ಬಿತ್ತು.

ಪುಸ್ತಕದ ಪ್ರಕಾರ ಅವನು ಮೊದಲು ನಮ್ಮ ಸಂಕೇತ ಹೇಳಬೇಕು, ಆಮೇಲೆ ತನ್ನದು, ಆಮೇಲೆ ನಂಬರು, ಆಮೇಲೆ ಸಂಗತಿ. ಅಷ್ಟಕ್ಕೆ ಹೊತ್ತಿರಲಿಲ್ಲ. ನನ್ನ ಕಿವಿಯಲ್ಲಿ ಒಡೆದದ್ದು ಇದು:

"ತಡಿಲೇ, ಅದು ನಮ್ದೈತಿ!"

ನಮ್ಮೂರ ಕನ್ನಡ. ಸಮುದ್ರದ ನಡುವೆ, ಆ ತಣ್ಣನೆ ಕೋಣೆಯಲ್ಲಿ. ಇಂಗ್ಲಿಷಿನಲ್ಲಿ ಹೇಳಿದ್ದರೆ ನಾನು ಕೇಳಿ, ತಿಳಿದು, ಆಮೇಲೆ ಕೈ ಎತ್ತುತ್ತಿದ್ದೆ. ಇದು ನೇರ ಕೈಗೇ ಹೋಯಿತು. ಚಿಕ್ಕವನಿದ್ದಾಗ ಕಾದ ಪಾತ್ರೆ ಮುಟ್ಟಲು ಹೋದರೆ ಅಪ್ಪ ಗದರಿಸುತ್ತಿದ್ದುದೂ ಹೀಗೆಯೇ. ಗುರುತು ಬದಲಿಸಿದೆ. ತೋಪು ನಿಂತಿತು. ಸ್ವಲ್ಪ ಹೊತ್ತಿಗೆ ಹೆಲಿಕಾಪ್ಟರ್ ಕುಂಟುತ್ತ ಬಂದು ನಮ್ಮ ಡೆಕ್ಕಿನ ಮೇಲೆ ಇಳಿಯಿತು. ಆ ಮೂವರೂ ಊಟದ ಕೋಣೆಯಲ್ಲಿ ಚಹಾ ಕುಡಿಯುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಒಳಗೆ ಹೋಗಲಿಲ್ಲ.

ಆಮೇಲೆ ವಿಚಾರಣೆ. ರೇಡಿಯೋದ ಟೇಪ್ ಹಾಕಿದರು. ವಿಚಾರಣೆಗೆ ಕೂತ ಅಧಿಕಾರಿ ಉತ್ತರದವರು. ಆ ದನಿ ಏನು ಹೇಳಿತು, ಅದು ಯಾವ ಭಾಷೆ ಎಂದು ನನ್ನನ್ನು ಕೇಳಿದರು. ಇಡೀ ಹಡಗಿನಲ್ಲಿ ಕನ್ನಡ ಬಲ್ಲವನು ನಾನೊಬ್ಬ, ಎಲ್ಲರೊಂದಿಗೂ ಹಿಂದಿಯಲ್ಲೇ ಮಾತಾಡುತ್ತಿದ್ದುದರಿಂದ ಅದು ಅವರಿಗೆ ತಿಳಿದಿರಲಿಲ್ಲ. ನಮ್ಮದೈತಿ ಎಂದಿತು ಅಂತ ಹೇಳಿದರೆ, ತಪ್ಪನ್ನು ಕಂಡುಕೊಂಡವನು ನಾನಲ್ಲ, ಅವನು ಒದರದಿದ್ದರೆ ನನ್ನ ಬೆರಳು ಮೂವರನ್ನು ಕೊಲ್ಲುತ್ತಿತ್ತು ಎಂಬುದು ಅದರ ಬಾಲ ಹಿಡಿದೇ ಹೊರಬೀಳುತ್ತಿತ್ತು. ಊರಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಅದು ನೆವ. ನಿಜವೆಂದರೆ ನಾನು ಹೆದರಿದೆ.

"ಗೊತ್ತಿಲ್ಲ ಸರ್" ಎಂದೆ.

ನಾನೇ ಎಚ್ಚೆತ್ತು ತಪ್ಪು ತಿದ್ದಿಕೊಂಡೆ ಎಂದು ಕಾಗದದಲ್ಲಿ ಬರೆದುಕೊಂಡರು. ಬೆನ್ನು ತಟ್ಟಿದರು ಕೂಡ. ಮುಂದಿನ ವಾರ ರೇಡಿಯೋ ಪರೀಕ್ಷೆಗೆ ಕಿಲೊ ಕಡೆಯಿಂದ ಬೇರೆ ದನಿ ಬಂತು. ಅದರ ಮುಂದಿನ ವಾರವೂ ಅದೇ. ಪರೀಕ್ಷೆ ಮುಗಿದ ಮೇಲೆ ನಾನು ಗುಂಡಿಯನ್ನು ಎರಡು ಸಲ ಒತ್ತಿದೆ. ಮರಳಿ ಏನೂ ಬರಲಿಲ್ಲ. ತಿಂಗಳುಗಳ ನಂತರ ಆ ಹಡಗಿನಿಂದ ವರ್ಗವಾಗಿ ಬಂದ ಅಡುಗೆಯವನೊಬ್ಬ ಹೇಳಿದ, ರೇಡಿಯೋದಲ್ಲಿ ತನ್ನ ಭಾಷೆ ಒದರಿದವನನ್ನು ಡೆಕ್ಕಿನ ಮೇಲೆ ತೋಪಿನ ಕೆಲಸಕ್ಕೆ ಹಾಕಿದರು ಅಂತ. ಅವನ ಹೆಸರೇನು ಎಂದು ಕೇಳಬಹುದಿತ್ತು, ಕೇಳಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರಲ್ಲ, ಆ ಗಾದೆಯ ಮನುಷ್ಯ ನಾನೇ.

ನಿವೃತ್ತನಾಗಿ ಮಸ್ಕಿಗೆ ಬಂದ ಮೇಲೆ ಕಿವಿಗೆ ಒಂದು ಚಟ ಹತ್ತಿತು. ಲಿಂಗಸುಗೂರಿನಲ್ಲಿ ಮಾಜಿ ಸೈನಿಕರು ಸೇರುವಾಗ ನಾನು ಮುಖಗಳನ್ನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ದನಿ ಕೇಳುತ್ತಿದ್ದೆ. ಸಿಂಧನೂರಿನ ಬ್ಯಾಂಕಿನ ಪಿಂಚಣಿ ಸಾಲಿನಲ್ಲಿ ಯಾರಾದರೂ ಅಂಕಿ ಹೇಳಿದರೆ ಕತ್ತು ತಿರುಗುತ್ತಿತ್ತು. 'ನಮ್ದೈತಿ' ಅಂದವನು ನಮ್ಮ ಕಡೆಯವನೇ, ಎಲ್ಲೋ ಈ ಬಸ್ಸುಗಳಲ್ಲೇ ಓಡಾಡುತ್ತಿದ್ದಾನೆ ಅನ್ನಿಸುತ್ತಿತ್ತು. ಹೆಸರು ಗೊತ್ತಿಲ್ಲದ ಮನುಷ್ಯನಿಗಾಗಿ ಇಷ್ಟು ಹಂಬಲಿಸಬಹುದು ಎಂದು ನಾನು ತಿಳಿದಿರಲಿಲ್ಲ. ಒಂದು ಸಲ ಸಿಗಲಿ, 'ಗೊತ್ತಿಲ್ಲ' ಎಂದ ಆ ಒಂದು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಇಲ್ಲಿಯವರೆಗೆ ಬರೆದಿದ್ದೆ. ತಾಯಮ್ಮ ಹಾಳೆಗಳನ್ನು ಒಯ್ಯಲು ಒಬ್ಬಳೇ ಬಂದಳು. ಅಂಗಳದಲ್ಲಿ ಕೂತು ಅಲ್ಲಿಯೇ ಓದಿದಳು. ಕೊನೆಯ ಹಾಳೆ ಓದಿ ತಲೆ ಎತ್ತಲೇ ಇಲ್ಲ. ನನ್ನ ಬಗ್ಗೆ ಇವಳಿಗೆ ಇದ್ದ ಗೌರವ ಇಂದಿಗೆ ಮುಗಿಯಿತು ಅಂದುಕೊಂಡೆ.

"ಕಾಕಾ," ಎಂದಳು ಕೊನೆಗೆ, "ನಮ್ಮವ್ವನ ತವರುಮನಿ ಬಳಗಾನೂರು. ಅಲ್ಲಿ ಹಿಟ್ಟಿನ ಗಿರಣಿ ದುರುಗಪ್ಪ ಅಂತ ಒಬ್ಬ ಮುತ್ಯಾ ಅದಾನ ರೀ. ನೇವಿಯಾಗ ಇದ್ದಾತ. ಈ ಕಥಿನ ಅಂವ ಹೇಳ್ಕೋತ ಬಂದಾನ. ಸಮುದ್ರದಾಗ ಒಂದು ಹೆಲಿಕಾಪ್ಟರ್ ಉಳಿಸಿದ್ನಿ, ಆ ಹಡಗದಾಗ ನಮ್ಮ ಭಾಷಾದಾಂವ ಒಬ್ಬಾಂವ ಇದ್ದ ಅಂತಾನ. ಯಾರೂ ನಂಬಂಗಿಲ್ಲ. ಮುತ್ಯಾಂದು ದೊಡ್ಡ ಬುರುಡಿ ಅಂತ ನಗ್ತಾರ."

ಫಾತಿಮಾ ಬಾಗಿಲಲ್ಲಿ ನಿಂತಿದ್ದಳು. ಆ ವಿಚಾರಣೆಯ ಸಂಗತಿ ಅವಳಿಗೂ ನಾನು ಹೇಳಿರಲಿಲ್ಲ. ಅವಳು ಒಳಗೆ ಹೋಗಿ ನನ್ನ ಚಪ್ಪಲಿ ತಂದು ಮುಂದಿಟ್ಟಳು.

"ಹೋಗಿ ಬರ್ರಿ. ಹಾಳಿ ತಗೊಂಡ ಹೋಗ್ರಿ," ಎಂದಳು.

ಬಳಗಾನೂರಿನ ಬಸ್ ನಿಲ್ದಾಣದ ಬದಿಗೇ ಗಿರಣಿ. ಜೋಳದ ಹಿಟ್ಟು ಗೋಡೆ, ತೊಲೆ, ವೈರು, ಎಲ್ಲದರ ಮೇಲೂ ಕೂತಿತ್ತು. ನಾಲ್ಕಾರು ಹೆಂಗಸರು ಡಬ್ಬಿ ಹಿಡಿದು ನಿಂತಿದ್ದರು. ಯಂತ್ರದ ಹತ್ತಿರ ಬಿಳಿ ರೆಪ್ಪೆಯ ಒಬ್ಬ ಉದ್ದನೆಯ ಮುದುಕ. ಗೋಡೆಗೆ ಬುದ್ಧನ ಪಟ, ಪಕ್ಕದಲ್ಲಿ ಬಿಳಿ ಸಮವಸ್ತ್ರದ ಹುಡುಗನೊಬ್ಬನ ಹಳೆಯ ಫೋಟೋ. ಎರಡು ವರ್ಷ ನನ್ನ ಕಿವಿಯಲ್ಲಿದ್ದವನ ಮುಖ ನಾನು ನೋಡಿದ್ದು ಅಲ್ಲಿಯೇ, ಮೊದಲ ಸಲ.

"ಏನ ಬೀಸೋದೈತಿ?" ಎಂದು ಅವನು ಕೂಗಿ ಕೇಳಿದ.

ದನಿ ದಪ್ಪವಾಗಿತ್ತು, ಏರಿಳಿತ ಹೋಗಿತ್ತು. ಆದರೆ ತುದಿಯ ಎಳೆತ ಅದೇ. ಕಣ್ಣು ಮುಚ್ಚಬೇಕಾಗಿಯೇ ಇರಲಿಲ್ಲ. ನಾನು ನನ್ನ ಹೆಸರು ಹೇಳಿದೆ, ಹಡಗು ಎಂದೆ, ಲಿಮಾ ಎಂದೆ. ಅವನು ಕಿವಿ ತೋರಿಸಿ ಕೈಯಾಡಿಸಿದ. ಹಿಟ್ಟು ತುಂಬುತ್ತಿದ್ದ ಸೊಸೆ ಹತ್ತಿರ ಬಂದಳು.

"ಮಾವಾಗ ಕಿವಿ ಕೇಳಂಗಿಲ್ಲ ರೀ. ತೋಪಿನ ಸದ್ದಿಗೆ ಹೋಗ್ಯಾವೋ, ಈ ಗಿರಣಿ ಸದ್ದಿಗೆ ಹೋಗ್ಯಾವೋ ಗೊತ್ತಿಲ್ಲ. ಬರದು ತೋರಿಸ್ರಿ, ಓದ್ತಾರ."

ತೋಪಿನ ಸದ್ದು ಎಂದದ್ದು ಎದೆಗೆ ನಾಟಿತು. ಎಷ್ಟೋ ವರ್ಷ ನಾನು ಮನಸ್ಸಿನಲ್ಲೇ ಅಭ್ಯಾಸ ಮಾಡಿದ ಮಾತುಗಳೆಲ್ಲ ವ್ಯರ್ಥವಾದವು. ಹೇಳಬೇಕಾದದ್ದನ್ನು ಕೇಳಬೇಕಾದವನಿಗೆ ಕಿವಿಯೇ ಉಳಿದಿರಲಿಲ್ಲ. ಚೀಲದಿಂದ ಈ ಹಾಳೆಗಳನ್ನೇ ತೆಗೆದು ಕೊಟ್ಟೆ, ತಾಯಮ್ಮನಿಗೆಂದು ಬರೆದ ಇವೇ ಹಾಳೆಗಳು.

ದುರುಗಪ್ಪ ಯಂತ್ರವನ್ನು ಸೊಸೆಗೆ ಬಿಟ್ಟು ಹೊರಗಿನ ಕಲ್ಲಿನ ಮೇಲೆ ಕೂತು ಓದಿದ. ನಿಧಾನ ಓದಿದ. ಗಾಜಿನ ಹಲಗೆಯ ಹತ್ತಿರ ಒಮ್ಮೆ ನಕ್ಕ. ನನ್ನ ಎಣಿಕೆಯ ಗೊಣಗಾಟದ ಹತ್ತಿರ ತಲೆ ಅಲ್ಲಾಡಿಸಿದ. ಕೊನೆಯ ಹಾಳೆಗಳಿಗೆ ಬಂದಾಗ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಯಾವ ಸಾಲು ಎಂದು ನನಗೆ ಗೊತ್ತು.

"ಹಂಗಾದ್ರ ನಿನಗ ಕೇಳಿತ್ತು," ಎಂದ.

ನಾನು ತಲೆಯಾಡಿಸಿದೆ.

"ಅವ್ರ ಮುಂದ ನಾ ಹೇಳಿದ್ನಿ. ಅಲ್ಲೊಬ್ಬ ನಮ್ಮಾಂವ ಅದಾನ್ರಿ, ಎಣಿಸಿದ್ದು ನಾ ಕೇಳೀನಿ, ಅದಕ್ಕ ಕನ್ನಡದಾಗ ಒದರಿದೆ ಅಂತ. ನಿಮ್ಮ ಹಡಗಿಗಿ ಕೇಳಿ ಕಳಿಸಿದ್ರು. ಈ ಭಾಷಾ ತಿಳಿಯೋರು ಇಲ್ಲಿ ಯಾರೂ ಇಲ್ಲ ಅಂತ ಉತ್ತರ ಬಂತು. ಆಮ್ಯಾಲ ನನಗೂ ಹಂಗ ಅನ್ನಿಸಾಕ ಹತ್ತಿತು. ನಾನ ಎಲ್ಲೋ ತಪ್ಪು ಕೇಳೀನಿ ಅಂತ."

ಬೈದಿದ್ದರೆ ಸುಲಭವಿತ್ತು. ಅವನು ಬೈಯಲಿಲ್ಲ. ಹಾಳೆಗಳನ್ನು ಮಡಚಿ ಒಳಗೆ ಹೋಗಿ ಸೊಸೆಯ ಕೈಗೆ ಕೊಟ್ಟ. ಅವಳು ನಿಂತಲ್ಲೇ ಓದತೊಡಗಿದಳು. ಡಬ್ಬಿ ಹಿಡಿದಿದ್ದ ಹೆಂಗಸರಲ್ಲಿ ಇಬ್ಬರು ಅವಳ 'ಹೂಂ' ಕೇಳಿ ಹತ್ತಿರ ಸರಿದು ಇಣುಕಿದರು. ಗಿರಣಿಯ ಗದ್ದಲದ ಮೇಲೆ ಅವಳು ಜೋರಾಗಿ ಓದಿ ಹೇಳಬೇಕಾಯಿತು. ಮುದುಕ ಯಾರ ಮುಖವನ್ನೂ ನೋಡದೆ ಜೋಳ ಸುರಿಯುತ್ತ ನಿಂತಿದ್ದ. ನನ್ನ ಕಡೆಗೂ ನೋಡಲಿಲ್ಲ. ನಾನು ಇನ್ನು ಅಲ್ಲಿ ನಿಲ್ಲುವುದು ಸರಿಯಲ್ಲವೆಂದು ಹೊರಟೆ. ಆ ಹಾಳೆಗಳನ್ನು ಅಲ್ಲಿಯೇ ಬಿಟ್ಟೆ. ಆಮೇಲೆ ತಾಯಮ್ಮ ಅವುಗಳ ನಕಲು ಮಾಡಿಸಿ ತಂದಳು.

ಮಸ್ಕಿಯ ಬಸ್ಸು ನಿಂತಿತ್ತು. ಹತ್ತಿ ಕಿಟಕಿಯ ಹತ್ತಿರ ಕೂತೆ. ಅಷ್ಟರಲ್ಲಿ ಹಿಟ್ಟಿನ ಮೈಯ ದುರುಗಪ್ಪ ಬಸ್ಸುಗಳ ನಡುವೆ ಯಾರನ್ನೋ ಹುಡುಕುತ್ತ ಬರುವುದು ಕಂಡಿತು. ನನ್ನ ಕಿಟಕಿಯ ಕೆಳಗೆ ಬಂದು ನಿಂತ. ನಾನು ಗಾಜು ಸರಿಸಲು ಹೋದರೆ ಅದು ಜಪ್ಪಯ್ಯ ಅನ್ನಲಿಲ್ಲ. ಇಳಿಯೋಣವೆಂದರೆ ದಾರಿಯ ತುಂಬ ಜನ, ಗಂಟುಮೂಟೆ. ಒಳಗಿನಿಂದ ಕೂಗಿದರೆ ಅವನಿಗೆ ಏನು ಉಪಯೋಗ?

ಗಾಜಿನ ಒಳಬದಿಗೂ ಧೂಳಿತ್ತು. ಬೆರಳು ತಾನೇ ಎದ್ದಿತು. ಮೊದಲು ಕಮಾನಿನಂಥ ಅರ್ಧವೃತ್ತ ಎಳೆದೆ. ಅದರ ಕೆಳಗೆ, ಅಷ್ಟು ವರ್ಷಗಳ ಮೇಲೆಯೂ ಕೈ ಮರೆತಿರಲಿಲ್ಲ, ಆಚೆ ಬದಿಯವನಿಗೆ ನೇರ ಕಾಣುವಂತೆ ಉಲ್ಟಾ ನಲವತ್ತೇಳು ಬರೆದೆ. ನಲವತ್ತೇಳು, ನಮ್ಮದು.

ದುರುಗಪ್ಪ ಓದಿದ. ಹಿಟ್ಟು ಮೆತ್ತಿದ ರೆಪ್ಪೆಗಳು ಒದ್ದೆಯಾದವು. ಆಮೇಲೆ ಕೈ ಮಡಚಿ, ಬೆರಳ ಗೆಣ್ಣಿನಿಂದ, ನನ್ನ ಕಿಟಕಿಯ ಕೆಳಗಿನ ತಗಡಿನ ಮೇಲೆ ಎರಡು ಸಲ ತಟ್ಟಿದ.

ಕಂಡಕ್ಟರೇ ತಟ್ಟಿದ ಎಂದುಕೊಂಡು ಡ್ರೈವರ್ ಗಾಡಿ ಬಿಟ್ಟ. ನಾನು ಒಳಗಿನಿಂದ ಗಾಜಿನ ಮೇಲೆ ಎರಡು ಸಲ ತಟ್ಟಿದೆ. ಅವನಿಗೆ ಅದು ಕೇಳಿಸಿರಲಿಕ್ಕಿಲ್ಲ. ಕಂಡಿತು, ಕೈ ಎತ್ತಿದ.